ಇನ್ಸರ್ಟ್ ಹಾಕುವ ಮಗುವಿಗೆ ಯಾವ ಶೂ? ನಾವು ಹಾಕಿ ನೋಡಿದ ಐದು ಬಗೆ

ನನ್ನ ಮಗಳಿಗೆ ಈಗ ಆರು ವರ್ಷ. ಎರಡು ವರ್ಷದಿಂದ ಎರಡೂ ಕಾಲಿಗೆ ಇನ್ಸರ್ಟ್, ಅಂದರೆ ಪಾದ ವಾಲದಂತೆ ಶೂ ಒಳಗೆ ಹಾಕುವ ಆಸರೆ, ಹಾಕುತ್ತಿದ್ದಾಳೆ. ಅವಳ ಸ್ನಾಯುಗಳು ಸ್ವಲ್ಪ ಸಡಿಲ. ನಿಂತರೆ ಹಿಮ್ಮಡಿಗಳು ಒಳಗಡೆಗೆ ವಾಲುತ್ತವೆ, ಎಡಗಾಲಿನದು ಜಾಸ್ತಿ. ಹಾಗಾಗಿ ಬಲಗಾಲಿಗೆ ಯುಸಿಬಿಎಲ್, ಎಡಗಾಲಿಗೆ ಎಸ್‌ಎಂಒ ಮಾಡಿಕೊಟ್ಟಿದ್ದಾರೆ. ಯುಸಿಬಿಎಲ್ ಅಂದರೆ ಹಿಮ್ಮಡಿಯನ್ನು ಬಟ್ಟಲಿನ ಹಾಗೆ ಹಿಡಿದುಕೊಳ್ಳುವ ಗಟ್ಟಿ ಪ್ಲಾಸ್ಟಿಕ್. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬಯೋಮೆಕ್ಯಾನಿಕ್ಸ್ ಲ್ಯಾಬ್‌ನಲ್ಲಿ ರೂಪಿಸಿದ್ದರಿಂದ ಆ ಹೆಸರು. ಅದು ಕಾಲಿನ ಗಿಣ್ಣಿಗಿಂತ ಕೆಳಗೇ ನಿಲ್ಲುತ್ತದೆ. ಎಸ್‌ಎಂಒ ಕೂಡ ಅಂಥದ್ದೇ ಪ್ಲಾಸ್ಟಿಕ್, ಆದರೆ ಗಿಣ್ಣಿನ ಎರಡೂ ಮೂಳೆ ದಾಟಿ ಸ್ವಲ್ಪ ಮೇಲೆ ಬರುತ್ತದೆ, ಮುಂದೆ ಒಂದು ಪಟ್ಟಿ ಇರುತ್ತದೆ.

ಇನ್ಸರ್ಟ್ ಕೈಗೆ ಬಂದ ದಿನ ಮನೆಯಲ್ಲಿದ್ದ ನಾಲ್ಕು ಜೊತೆ ಶೂ ತೆಗೆದು ಒಂದೊಂದಾಗಿ ಹಾಕಿ ನೋಡಿದೆವು. ಒಂದರಲ್ಲೂ ಕಾಲು ಹೋಗಲಿಲ್ಲ. ಮಗು ಅಳುತ್ತಾ ಕೂತಳು, ನಮಗೂ ಅಳು ಬಂತು. ಅಲ್ಲಿಂದ ಶುರುವಾಯಿತು ಶೂ ಹುಡುಕಾಟ. ಈ ಎರಡು ವರ್ಷದಲ್ಲಿ ಐದು ಬಗೆಯ ಶೂಗಳನ್ನು ಅವಳ ಕಾಲಿಗೆ ಹಾಕಿ, ನಡೆಸಿ, ಓಡಿಸಿ ನೋಡಿದ್ದೇವೆ. ನಮ್ಮ ಹಾಗೆ ಹುಡುಕುತ್ತಿರುವವರಿಗೆ ಸ್ವಲ್ಪ ಅಲೆದಾಟ ತಪ್ಪಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ಮಾಮೂಲಿ ಸ್ಪೋರ್ಟ್ಸ್ ಶೂವನ್ನೇ ಒಂದು ನಂಬರ್ ದೊಡ್ಡದು ತಂದೆವು. ಕಾಲು ಒಳಗೆ ಹೋಯಿತು. ಆದರೆ ಎರಡೇ ದಿನದಲ್ಲಿ ಅವಳು ಎಡವುವುದು ಜಾಸ್ತಿಯಾಯಿತು. ಕಾರಣ ಆಮೇಲೆ ಗೊತ್ತಾಯಿತು. ಯೂರೋಪಿನ ಅಳತೆಯಲ್ಲಿ ಒಂದು ನಂಬರ್ ಹೆಚ್ಚಾದರೆ ಉದ್ದ ಸುಮಾರು 6.7 ಮಿ.ಮೀ. ಬೆಳೆಯುತ್ತದೆ, ಇಂಗ್ಲಿಷ್ ಅಳತೆಯಲ್ಲಿ ಸುಮಾರು 8.5 ಮಿ.ಮೀ. ಅಗಲ ಮಾತ್ರ ಅಷ್ಟು ಬೆಳೆಯುವುದಿಲ್ಲ, ಆಳವಂತೂ ಇನ್ನೂ ಕಡಿಮೆ. ನಮಗೆ ಬೇಕಾಗಿದ್ದು ಅಗಲ ಮತ್ತು ಆಳ. ಅವಳ ಇನ್ಸರ್ಟ್‌ನ ಗೋಡೆ 3 ಮಿ.ಮೀ. ದಪ್ಪ ಇದೆ. ಎರಡು ಬದಿ ಸೇರಿದರೆ ಹಿಮ್ಮಡಿಯ ಹತ್ತಿರವೇ 6 ಮಿ.ಮೀ. ಜಾಗ ಬೇಕು. ನಂಬರ್ ಏರಿಸಿದಾಗ ಮೂತಿಯ ಕಡೆ ಖಾಲಿ ಜಾಗ ಸಿಕ್ಕಿತು, ಹಿಮ್ಮಡಿಯ ಕಡೆ ಇಕ್ಕಟ್ಟು ಹಾಗೇ ಉಳಿಯಿತು. ಆ ಖಾಲಿ ಮೂತಿಯೇ ಅವಳನ್ನು ಎಡವಿಸುತ್ತಿತ್ತು.

ಎರಡನೆಯದು ಅಗಲದ ಅಳತೆಯಲ್ಲಿ ಬರುವ, ಎರಡು ವೆಲ್ಕ್ರೋ ಪಟ್ಟಿಯ ಸ್ಪೋರ್ಟ್ಸ್ ಶೂ. ಒಳಹಾಸು ಕೈಯಲ್ಲಿ ಎಳೆದರೆ ಪೂರ್ತಿ ಹೊರಗೆ ಬರುವಂಥದ್ದು. ಇದರ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳಬೇಕು, ಯಾಕೆಂದರೆ ಯುಸಿಬಿಎಲ್ ಮಟ್ಟಿಗೆ ನಮಗೆ ಇದಕ್ಕಿಂತ ಒಳ್ಳೆಯದು ಸಿಗಲಿಲ್ಲ. ಒಳಹಾಸು ತೆಗೆದರೆ ಇನ್ಸರ್ಟ್ ಕೂರಲು ಬೇಕಾದ ಆಳ ತಾನಾಗಿ ಸಿಗುತ್ತದೆ. ಅಂಟು ಹಾಕಿ ಕೂರಿಸಿದ ಒಳಹಾಸಿನ ಶೂ ಆದರೆ ಇನ್ಸರ್ಟ್ ಅದರ ಮೇಲೆ ಕೂರಬೇಕು. ಆಗ ಹಿಮ್ಮಡಿ ಮೇಲಕ್ಕೆ ಎದ್ದು, ಶೂವಿನ ಹಿಂದಿನ ಗೋಡೆಯ ಹಿಡಿತಕ್ಕೆ ಸಿಗುವುದಿಲ್ಲ, ನಡೆಯುವಾಗ ಕಾಲು ಜಾರಿ ಈಚೆ ಬರುತ್ತದೆ.

ಈ ಬಗೆಯ ಶೂ ಕೊಳ್ಳುವಾಗ ನಮ್ಮ ಫಿಸಿಯೋ ಕಲಿಸಿದ ಮೂರು ಪರೀಕ್ಷೆ ಇವೆ, ಈಗಲೂ ಬಿಟ್ಟಿಲ್ಲ. ಹಿಂದಿನ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಬೇಕು, ಅದು ಮೆತ್ತಗೆ ಮಡಚಿಕೊಂಡರೆ ಬೇಡ. ಮೂತಿ ಮತ್ತು ಹಿಂಭಾಗ ಹಿಡಿದು ಬಗ್ಗಿಸಬೇಕು, ಬೆರಳು ಮಡಚುವ ಜಾಗದಲ್ಲಿ ಮಾತ್ರ ಬಗ್ಗಬೇಕು, ನಡುವೆ ಬಗ್ಗಬಾರದು. ಕೊನೆಗೆ ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಬೇಕು, ಸುಲಭವಾಗಿ ತಿರುಚಿಕೊಂಡರೆ ಅದೂ ಬೇಡ. ಇನ್ಸರ್ಟ್ ಎಷ್ಟೇ ಚೆನ್ನಾಗಿದ್ದರೂ ಅದು ಶೂವಿನ ಮೇಲೆಯೇ ನಿಂತಿರುತ್ತದೆ ಅಲ್ವಾ? ತಳ ಮೆತ್ತಗಿದ್ದರೆ ಇನ್ಸರ್ಟ್ ಸಮೇತ ಕಾಲು ವಾಲುತ್ತದೆ.

ಇದರಲ್ಲಿ ನಮಗೆ ತೊಂದರೆ ಕೊಟ್ಟಿದ್ದು ಎಡಗಾಲು. ಎಸ್‌ಎಂಒ ಇರುವ ಕಾಲು ಮುಂದಿನಿಂದ ಹಿಂದಿನವರೆಗೆ ಒಂದೇ ಗಟ್ಟಿ ತುಂಡು. ನಮ್ಮ ನಿಮ್ಮ ಕಾಲಿನ ಹಾಗೆ ಹಿಮ್ಮಡಿ ಎತ್ತಿ, ಬೆರಳು ಬಗ್ಗಿಸಿ, ನುಸುಳಿಸಿ ಹಾಕಲು ಆಗುವುದಿಲ್ಲ. ವೆಲ್ಕ್ರೋ ಬಿಚ್ಚಿದರೂ ಶೂವಿನ ಬಾಯಿ ನಡುವಿನ ತನಕ ಮಾತ್ರ ತೆರೆಯುತ್ತಿತ್ತು. ಒತ್ತಿ ತಳ್ಳಿದರೆ ಕಾಲೇನೋ ಹೋಗುತ್ತಿತ್ತು. ಒಂದು ಸಂಜೆ ಶೂ ಬಿಚ್ಚಿದಾಗ ಕಿರುಬೆರಳು ಪಕ್ಕದ ಬೆರಳಿನ ಕೆಳಗೆ ಮಡಚಿ ಸಿಕ್ಕಿಕೊಂಡಿತ್ತು, ಚರ್ಮ ಕೆಂಪಾಗಿತ್ತು. ಇಡೀ ದಿನ ಹಾಗೇ ಇದ್ದಳು, ಹೇಳಿರಲಿಲ್ಲ. ತಳ್ಳುವಾಗ ಮಕ್ಕಳು ಬೆರಳು ಮುದುರಿಕೊಳ್ಳುತ್ತಾರೆ, ಹೊರಗಿನಿಂದ ನಮಗೆ ಕಾಣುವುದಿಲ್ಲ. ಆ ದಿನದಿಂದ ನಂಬರ್ ನೋಡುವುದಕ್ಕಿಂತ ಮೊದಲು ಶೂವಿನ ಬಾಯಿ ಎಷ್ಟು ತೆರೆಯುತ್ತದೆ ಅಂತ ನೋಡುವುದು ಅಭ್ಯಾಸವಾಯಿತು.

ಹಾಗೆ ಮೂರನೆಯದಾಗಿ ಬಂದದ್ದು ಗಿಣ್ಣು ಮುಚ್ಚುವ ಎತ್ತರದ ಕ್ಯಾನ್ವಾಸ್ ಶೂ, ಲೇಸ್ ಬೆರಳಿನ ಹತ್ತಿರದ ತನಕ ಇಳಿದಿರುವಂಥದ್ದು. ಲೇಸ್ ಪೂರ್ತಿ ಸಡಿಲ ಮಾಡಿ ನಾಲಿಗೆಯನ್ನು ಮುಂದಕ್ಕೆ ಎಳೆದರೆ ಬಾಯಿ ಚೆನ್ನಾಗಿ ತೆರೆಯುತ್ತದೆ. ಎಸ್‌ಎಂಒ ಸಲೀಸಾಗಿ ಕೂತಿತು. ಬಟ್ಟೆಯಾದ್ದರಿಂದ ಪ್ಲಾಸ್ಟಿಕ್ ಉಬ್ಬಿರುವ ಕಡೆ ಸ್ವಲ್ಪ ಹಿಗ್ಗಿ ಜಾಗ ಕೊಡುತ್ತದೆ. ಆದರೆ ಹಿಂದಿನ ಗೋಡೆ ಮೆತ್ತಗೆ. ಎಡಗಾಲಿಗೆ ಅದು ಅಷ್ಟು ತೊಂದರೆಯಾಗಲಿಲ್ಲ, ಎಸ್‌ಎಂಒ ತಾನೇ ಗಿಣ್ಣನ್ನು ಹಿಡಿದುಕೊಂಡಿತ್ತು. ಬಲಗಾಲಿನಲ್ಲಿ ಮಾತ್ರ ಯುಸಿಬಿಎಲ್ ಶೂವಿನ ಒಳಗೆ ಅಲ್ಲಾಡುತ್ತಿತ್ತು. ಮತ್ತೆ ಬೆಳಗಿನ ಹೊತ್ತು ಎರಡು ಕಾಲಿಗೂ ಅಷ್ಟುದ್ದ ಲೇಸ್ ಬಿಗಿಯುವುದು ದಿನಾ ಆಗುವ ಕೆಲಸವಲ್ಲ. ಶಾಲೆಯಲ್ಲಿ ಬಿಚ್ಚಿಕೊಂಡರೆ ಕಟ್ಟಿಕೊಡುವವರು ಬೇಕು. ಮೂರು ತಿಂಗಳು ಹಾಕಿಸಿ ಬಿಟ್ಟೆವು.

ನಾಲ್ಕನೆಯದು ಜಿಪ್ ಶೂ. ಕೈ ಆಡಿಸುವುದು ಕಷ್ಟವಾದವರಿಗೆ, ಕಾಲಿಗೆ ಬ್ರೇಸ್ ಇರುವವರಿಗೆ ಅಂತಲೇ ಈಗ ಶೂ ಮಾಡುತ್ತಾರೆ. ನೈಕಿಯವರ ಫ್ಲೈಈಸ್ 2015ರಲ್ಲಿ ಬಂದದ್ದು. ಸೆರೆಬ್ರಲ್ ಪಾಲ್ಸಿ ಇರುವ ಮ್ಯಾಥ್ಯೂ ವಾಲ್ಜರ್ ಎಂಬ ಹುಡುಗ, ನನ್ನ ಶೂ ನಾನೇ ಹಾಕಿಕೊಳ್ಳಬೇಕು ಅಂತ ಕಂಪನಿಗೆ ಪತ್ರ ಬರೆದದ್ದು ಅದಕ್ಕೆ ಪ್ರೇರಣೆ. ಬಿಲ್ಲಿ ಫುಟ್‌ವೇರ್ ಎಂಬ ಕಂಪನಿಯ ಶೂಗಳಲ್ಲಿ ಜಿಪ್ ಪಕ್ಕದಿಂದ ಹೊರಟು ಬೆರಳುಗಳನ್ನು ಸುತ್ತಿಕೊಂಡು ಹೋಗುತ್ತದೆ, ಮೇಲ್ಭಾಗ ಮುಚ್ಚಳದ ಹಾಗೆ ಪೂರ್ತಿ ತೆರೆದುಕೊಳ್ಳುತ್ತದೆ. ನಾವು ತಂದದ್ದು ಈ ಎರಡೂ ಅಲ್ಲ, ಬೇರೆಯವರದು, ಆದರೆ ತೆರೆಯುವ ಕ್ರಮ ಬಿಲ್ಲಿಯದರ ಹಾಗೇ.

ಮೊದಲ ಸಲ ಹಾಕಿದ ಬೆಳಗು ನನಗೆ ಚೆನ್ನಾಗಿ ನೆನಪಿದೆ. ಬಾಗಿಲ ಹತ್ತಿರ ನೆಲದ ಮೇಲೆ ಕೂತು, ತೆರೆದ ಶೂವಿನ ಒಳಗೆ ಎಡಗಾಲನ್ನು ಮೇಲಿನಿಂದ ಇಳಿಸಿದಳು. ಐದೂ ಬೆರಳು ನೆಟ್ಟಗಿರುವುದು ಕಣ್ಣಿಗೇ ಕಾಣುತ್ತಿತ್ತು. ಹಿಮ್ಮಡಿಯನ್ನು ಹಿಂದಕ್ಕೆ ಎರಡು ಸಲ ಕುಟ್ಟಿದಳು, ಅದು ನಾವು ಹೇಳಿಕೊಟ್ಟದ್ದು. ಆಮೇಲೆ ನಾಲಿಗೆ ಕಚ್ಚಿಕೊಂಡು ಜಿಪ್ ಎಳೆದಳು. ತಿರುವಿನಲ್ಲಿ ಒಂದು ಕ್ಷಣ ನಿಂತಿತು. ನಾನು ಕೈ ಚಾಚಿದೆ, ತಳ್ಳಿಬಿಟ್ಟಳು. "ಅಪ್ಪಾ, ನಾನೇ ಹಾಕ್ಕೊಂಡೆ" ಅಂದಳು. ಎರಡು ವರ್ಷದಲ್ಲಿ ಮೊದಲನೇ ಸಲ.

ಕೊರತೆಗಳೂ ಇವೆ. ನಾವು ತಂದ ಜೊತೆಯಲ್ಲಿ ಮರಳು ಹೊಕ್ಕರೆ ಜಿಪ್ ಬಿಗಿಯಾಗುತ್ತದೆ, ವಾರಕ್ಕೊಮ್ಮೆ ಹಳೇ ಬ್ರಷ್‌ನಲ್ಲಿ ಉಜ್ಜಬೇಕು. ತೂಕ ಸ್ಪೋರ್ಟ್ಸ್ ಶೂಗಿಂತ ಜಾಸ್ತಿ. ಪಾದದ ಮೇಲ್ಭಾಗವನ್ನು ಬಿಗಿ ಮಾಡಲು ಲೇಸ್ ಒಂದೇ ದಾರಿ, ಅದನ್ನು ಒಮ್ಮೆ ಸರಿಯಾಗಿ ಕಟ್ಟಿಟ್ಟು ಆಮೇಲೆ ಜಿಪ್ ಮಾತ್ರ ಬಳಸಬೇಕು. ಓಟದ ದಿನ ನಾವು ಇವತ್ತಿಗೂ ಇದನ್ನು ಹಾಕಿಸುವುದಿಲ್ಲ.

ಸ್ಯಾಂಡಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಿಂಭಾಗ ಮುಚ್ಚಿರುವ, ಒಳಹಾಸು ತೆಗೆಯಲು ಬರುವ ಒಂದು ಜೊತೆ ಹಾಕಿ ನೋಡಿದೆವು. ಯುಸಿಬಿಎಲ್ ಕೂತಿತು, ಎಸ್‌ಎಂಒ ಇರುವ ಕಾಲಿಗೆ ಪಟ್ಟಿಗಳು ಎಟುಕಲೇ ಇಲ್ಲ. ಸೆಖೆಗೆ ಕಾಲು ಬೆವರುತ್ತದೆ ಅಂತ ಸ್ಯಾಂಡಲ್ ಮೇಲೆ ಆಸೆ ಇಟ್ಟಿದ್ದೆವು. ಕೊನೆಗೆ ತೆಳುವಾದ, ಹೊಲಿಗೆ ಚುಚ್ಚದ, ಇನ್ಸರ್ಟ್‌ಗಿಂತ ಎತ್ತರ ಬರುವ ಕಾಲುಚೀಲ ಎರಡು ಜೊತೆ ಇಟ್ಟುಕೊಂಡು ಮಧ್ಯಾಹ್ನ ಬದಲಾಯಿಸುವುದೇ ಹೆಚ್ಚು ಉಪಯೋಗವಾಯಿತು.

ಹಾಗಾದರೆ ಯಾವುದು? ಯುಸಿಬಿಎಲ್ ಅಥವಾ ಅದಕ್ಕಿಂತ ಚಿಕ್ಕ ಇನ್ಸರ್ಟ್ ಆದರೆ ಅಗಲದ ವೆಲ್ಕ್ರೋ ಶೂ ತಗೊಳ್ಳಿ, ಸುಮ್ನೆ ಬೇರೆ ಕಡೆ ಅಲೆಯಬೇಡಿ. ಎಸ್‌ಎಂಒ ಹಾಗೆ ಗಿಣ್ಣು ದಾಟುವ ಬ್ರೇಸ್ ಆದರೆ ಜಿಪ್ ಶೂ. ನಮ್ಮ ಮಗಳ ಹಾಗೆ ಎರಡು ಕಾಲಿಗೆ ಎರಡು ಬಗೆ ಇದ್ದರೆ ಮಾತ್ರ ಕಷ್ಟ. ಎಸ್‌ಎಂಒ ಇರುವ ಎಡಗಾಲಿಗೆ ಬಲಗಾಲಿಗಿಂತ ಅರ್ಧ ನಂಬರ್ ದೊಡ್ಡದೇ ಬೇಕು. ಎರಡು ಅಳತೆಯ ಎರಡು ಜೊತೆ ಕೊಂಡು ಒಂದೊಂದು ಬಿಸಾಡಲು ನಮಗೆ ಮನಸ್ಸಾಗಲಿಲ್ಲ. ದೊಡ್ಡ ಕಾಲಿಗೆ ಆಗುವ ಜೊತೆ ತಂದೆವು. ಬಲಗಡೆಯ ಸಡಿಲಕ್ಕೆ ಇನ್ಸರ್ಟ್ ಮಾಡಿದವರೇ ಅಡಿಯಲ್ಲಿ ತೆಳುವಾದ ಪದರ ಹಾಕಿ ಸರಿ ಮಾಡಿಕೊಟ್ಟರು. ಇದನ್ನು ಮನೆಯಲ್ಲಿ ನಾವೇ ಮಾಡಲು ಹೋಗಬಾರದು, ಪ್ಲಾಸ್ಟಿಕ್ ಕತ್ತರಿಸುವುದಂತೂ ಬೇಡವೇ ಬೇಡ.

ಅಂಗಡಿಗೆ ಹೋಗುವಾಗ ಮಗು, ಇನ್ಸರ್ಟ್, ದಿನಾ ಹಾಕುವ ಕಾಲುಚೀಲ, ಮೂರೂ ಜೊತೆಗಿರಬೇಕು. ಮಗುವನ್ನು ಕರೆದೊಯ್ಯಲು ಆಗದ ದಿನಕ್ಕೆ ನನ್ನದೊಂದು ಉಪಾಯ ಇದೆ. ಇನ್ಸರ್ಟ್ ಒಳಗೆ ಕಾಲಿಟ್ಟು ನಿಲ್ಲಿಸಿ, ರಟ್ಟಿನ ಮೇಲೆ ಸುತ್ತ ಗೆರೆ ಎಳೆದು ಕತ್ತರಿಸಿಟ್ಟುಕೊಂಡಿದ್ದೇನೆ. ಸಂಜೆ ಹೊತ್ತು ಎಳೆದದ್ದು, ಆಗ ಕಾಲು ಸ್ವಲ್ಪ ಊದಿರುತ್ತದೆ. ಶೂವಿನ ಒಳಹಾಸು ಹೊರಗೆ ತೆಗೆದು ಅದರ ಮೇಲೆ ರಟ್ಟು ಇಡುತ್ತೇನೆ. ರಟ್ಟು ಯಾವ ಕಡೆಯಾದರೂ ಒಳಹಾಸಿನಿಂದ ಆಚೆ ಬಂದರೆ ಆ ಶೂ ವಾಪಸ್. ಮುಂದೆ ಬೆರಳಿನ ಆಚೆ ಸುಮಾರು 1 ಸೆಂ.ಮೀ. ಉಳಿದಿರಬೇಕು.

ಹೊಸ ಜೊತೆ ಮೊದಲ ದಿನ ಒಂದು ಗಂಟೆ ಮಾತ್ರ. ಬಿಚ್ಚಿದ ಮೇಲೆ ಚರ್ಮ ನೋಡಿ. ತೆಳು ಕೆಂಪು ಗುರುತು ಇರುತ್ತದೆ, ಅರ್ಧ ಗಂಟೆಯೊಳಗೆ ಮಾಯವಾದರೆ ಗಾಬರಿ ಬೇಡ. ಹಾಗೇ ಉಳಿದರೆ, ಗುಳ್ಳೆ ಎದ್ದರೆ, ಮತ್ತೆ ಹಾಕಿಸದೆ ಇನ್ಸರ್ಟ್ ಮಾಡಿದವರಿಗೆ ತೋರಿಸಿ. ಶೂ ಒತ್ತುತ್ತಿದೆಯೋ ಇನ್ಸರ್ಟ್ ಚಿಕ್ಕದಾಗಿದೆಯೋ ಅವರು ನೋಡಿ ಹೇಳುತ್ತಾರೆ. ಈ ಸಲ ನಮ್ಮ ಮಗಳಿಗೆ ಇನ್ಸರ್ಟೇ ಚಿಕ್ಕದಾಗಿದೆ. ಹೋದ ವಾರ ಎರಡೂ ಕಾಲಿನ ಹೊಸ ಅಚ್ಚು ತೆಗೆದಿದ್ದಾರೆ. ಹೊಸ ಇನ್ಸರ್ಟ್ ಬಂದು, ಹೊಸ ರಟ್ಟು ಕತ್ತರಿಸುವ ತನಕ ಶೂ ಅಂಗಡಿಯ ಕಡೆ ಹೋಗುವುದಿಲ್ಲ.