ಪಿಯುಸಿ ಸೈನ್ಸಾ, ಐಟಿಐ ಫಿಟ್ಟರಾ? ಎರಡನ್ನೂ ಓದಿದವನ ಲೆಕ್ಕ

ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂದ ವಾರ ನಮ್ಮ ಬಳ್ಳಾರಿ ಕಡೆ ಎಲ್ಲರ ಮನೆಯಲ್ಲೂ ಒಂದೇ ಲೆಕ್ಕ. ಅಂಕ ಜಾಸ್ತಿ ಬಂದರೆ ಸೈನ್ಸ್, ಕಡಿಮೆ ಬಂದರೆ ಐಟಿಐ. 625ಕ್ಕೆ ಎಷ್ಟು ಅಂತ ಕೇಳಿ ಅಲ್ಲೇ ತೀರ್ಪು ಕೊಟ್ಟುಬಿಡುತ್ತಾರೆ. ನಾನು ಮೊದಲು ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ) ತಗೊಂಡು ಸೆಕೆಂಡ್ ಪಿಯುಸಿ ಪಾಸಾದೆ. ಆಮೇಲೆ ಐಟಿಐ ಸೇರಿ ಫಿಟ್ಟರ್ ಟ್ರೇಡ್, ಅಂದರೆ ಯಂತ್ರದ ಭಾಗ ಅಳತೆಗೆ ತಕ್ಕಂತೆ ಮಾಡಿ ಜೋಡಿಸುವ ಕಸುಬು, ಮುಗಿಸಿದೆ. ಈಗ ತೋರಣಗಲ್ಲು ಕಡೆ ಮೆಂಟೆನೆನ್ಸ್ ಕೆಲಸ. ಎರಡೂ ಕಡೆ ಬೆಂಚಿನ ಮೇಲೆ ಕೂತವನಾಗಿ ಹೇಳುತ್ತೇನೆ, ಅಂಕ ನೋಡಿ ದಾರಿ ಹಂಚುವುದು ಸರಿಯಲ್ಲ. ಹುಡುಗನಿಗೆ ಯಾವ ರೀತಿ ಕಲಿತರೆ ತಲೆಗೆ ಹೋಗುತ್ತೆ, ಅದನ್ನು ನೋಡಬೇಕು.

ಪಿಯುಸಿಯಲ್ಲಿ ಕನ್ನಡ ಮೀಡಿಯಂ ಮಕ್ಕಳಿಗೆ ಮೊದಲ ಪೆಟ್ಟು ಫಿಸಿಕ್ಸ್‌ನಿಂದ ಬರುವುದಿಲ್ಲ, ಇಂಗ್ಲಿಷ್‌ನಿಂದ ಬರುತ್ತೆ. ಪಾಠ ಇಂಗ್ಲಿಷ್, ಪುಸ್ತಕ ಇಂಗ್ಲಿಷ್. ಹೈಸ್ಕೂಲಿನಲ್ಲಿ ಚೆನ್ನಾಗಿ ಗೊತ್ತಿದ್ದ ವಿಷಯವೇ ಇಲ್ಲಿ ಹೊಸದಾಗಿ ಕಾಣುತ್ತೆ. ಇದನ್ನು ದಾಟಲು ಫಸ್ಟ್ ಇಯರ್ ಪೂರ್ತಿ ಬೇಕು. ಅಷ್ಟರಲ್ಲಿ ಸೆಕೆಂಡ್ ಇಯರ್, ಜೊತೆಗೆ ಸಿಇಟಿ. ಎಂಜಿನಿಯರಿಂಗ್ ರ್‍ಯಾಂಕ್‌ಗೆ ಬೋರ್ಡ್ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಹಾಗಾಗಿ ಕಾಲೇಜು ಬಿಟ್ಟ ಮೇಲೆ ಟ್ಯೂಷನ್. ಸರ್ಕಾರಿ ಕಾಲೇಜಿನ ಫೀಸು ಕಡಿಮೆ ಅಂತ ಸೇರಿಸುತ್ತಾರೆ, ಟ್ಯೂಷನ್ ಫೀಸಿನ ಲೆಕ್ಕ ಮೊದಲೇ ಯಾರೂ ಹಾಕುವುದಿಲ್ಲ.

ಲ್ಯಾಬ್ ಇತ್ತು ಅನ್ನಿ. ವರ್ನಿಯರ್ ಕ್ಯಾಲಿಪರ್ ಕೈಗೆ ಕೊಟ್ಟರು, ಅಳತೆ ತಗೊಂಡೆವು, ರೆಕಾರ್ಡ್ ಬುಕ್ ಬರೆದು ಸಹಿ ಹಾಕಿಸಿದೆವು. ಅಲ್ಲಿಗೆ ಮುಗಿಯಿತು.

ಅದೇ ವರ್ನಿಯರ್ ಐಟಿಐಯಲ್ಲಿ ದಿನಾ ಕೈಯಲ್ಲಿರುತ್ತೆ. ಅದೂ 0.02 ಮಿಲಿಮೀಟರ್ ಓದುವಂಥದ್ದು. ಫಿಟ್ಟರ್ ಎರಡು ವರ್ಷದ ಟ್ರೇಡ್, ವೆಲ್ಡರ್ ಒಂದೇ ವರ್ಷ. ಒಂದು ಬ್ಯಾಚಿಗೆ ಇಪ್ಪತ್ತು ಸೀಟು, ಆದ್ದರಿಂದ ಮೇಷ್ಟ್ರಿಗೆ ಪ್ರತಿಯೊಬ್ಬನ ಕೈಗುಣ ಗೊತ್ತಿರುತ್ತೆ. ಶುರುವಿನಲ್ಲಿ ಬರೀ ಹ್ಯಾಕ್ಸಾ ಮತ್ತು ಫೈಲು. ವೈಸ್‌ಗೆ ಕಬ್ಬಿಣದ ತುಂಡು ಕಟ್ಟಿ ಅರ ಹಾಕುತ್ತಾ ನಿಲ್ಲಬೇಕು. ಅಂಗೈ ಬೊಬ್ಬೆ ಬರುತ್ತೆ. ಮೂಲೆ ನೇರ ಇದೆಯಾ ಅಂತ ನೋಡುವ ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದಾಗ ಸಂದಿಯಲ್ಲಿ ಬೆಳಕು ಕಂಡರೆ ಮತ್ತೆ ಅರ ಹಾಕು. ಪಿಯುಸಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಹೋಗುತ್ತಿತ್ತು, ಇಲ್ಲಿ ಒಂದು ಕೂದಲೆಳೆ ಜಾಸ್ತಿ ತೆಗೆದರೆ ಪೂರ್ತಿ ಪೀಸೇ ಹೋಗುತ್ತೆ. ಆಮೇಲೆ ಡ್ರಿಲ್ಲಿಂಗ್, ಟ್ಯಾಪಿಂಗ್, ಒಂದರೊಳಗೊಂದು ಕೂರುವ ಡವ್‌ಟೇಲ್ ಫಿಟ್ಟಿಂಗ್, ಲೇತು. ಸೈನ್ ಬಾರ್ ಇಟ್ಟು ಕೋನ ಅಳೆಯುವ ದಿನ ಪಿಯುಸಿಯ ತ್ರಿಕೋನಮಿತಿ ನನಗೆ ಮೊದಲ ಸಲ ಪೂರ್ತಿ ಅರ್ಥವಾಯಿತು. ಈ ಸುಖ ನೇರ ಹತ್ತನೇ ಮುಗಿಸಿ ಬಂದ ಗೆಳೆಯರಿಗೆ ಸಿಗಲಿಲ್ಲ, ಅವರು ಸೂತ್ರ ಬಾಯಿಪಾಠ ಮಾಡಿದರು. ಪಿಯುಸಿಗೆ ಕೊಡಬೇಕಾದ ಅಂಕ ಅಷ್ಟು ಕೊಡುತ್ತೇನೆ.

ಆದರೆ ಐಟಿಐ ಅಂದರೆ ಎಲ್ಲ ಒಂದೇ ಅಲ್ಲ. ರಾಜ್ಯ ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಸರ್ಕಾರಿ ಐಟಿಐಗಳಿಗೆ ಹೊಸ ಮಷಿನ್ ಹಾಕಿಸಿದೆ. ಇನ್ನೊಂದು ಕಡೆ ಬೋರ್ಡ್ ಮಾತ್ರ ದೊಡ್ಡದಿದ್ದು, ಒಳಗೆ ಲೇತಿನ ಮೇಲೆ ಗೋಣಿಚೀಲ ಹೊದಿಸಿಟ್ಟ ಖಾಸಗಿ ಐಟಿಐಗಳೂ ಇವೆ. ಅಂಥಲ್ಲಿ ಎರಡು ವರ್ಷ ಸುಮ್ನೆ ಹಾಳು. ಸೇರಿಸುವ ಮೊದಲು ಕೆಲಸದ ದಿನ ಮಧ್ಯಾಹ್ನ, ಹೇಳದೆ ಕೇಳದೆ ವರ್ಕ್‌ಶಾಪಿಗೆ ಹೋಗಿ ನೋಡಿ. ನೆಲದ ಮೇಲೆ ಕಬ್ಬಿಣದ ಪುಡಿ ಬಿದ್ದಿದ್ದರೆ ಪರವಾಗಿಲ್ಲ. ನೆಲ ಫಳಫಳ ಅಂತಿದ್ದರೆ ಅನುಮಾನ ಪಡಿ.

ಕೆಲಸದ ವಿಷಯಕ್ಕೆ ಬಂದರೆ ನಮ್ಮ ಭಾಗದಲ್ಲಿ ಐಟಿಐ ಮುಂದಿದೆ. ತೋರಣಗಲ್ಲಿನ ಉಕ್ಕು, ದೋಣಿಮಲೈ ಗಣಿ, ಕುಡತಿನಿ ಮತ್ತು ಶಕ್ತಿನಗರದ ಥರ್ಮಲ್ ಕರೆಂಟ್ ಸ್ಥಾವರ, ಹಟ್ಟಿಯ ಚಿನ್ನದ ಗಣಿ, ಕೊಪ್ಪಳದ ಗಿಣಿಗೇರಿ ಸುತ್ತಲಿನ ಕಾರ್ಖಾನೆಗಳು, ಎಲ್ಲ ಕಡೆ ಫಿಟ್ಟರ್, ಎಲೆಕ್ಟ್ರಿಷಿಯನ್ ಬೇಕು. ರೈಲ್ವೆಯ ಅಸಿಸ್ಟೆಂಟ್ ಲೋಕೋ ಪೈಲಟ್ ಹುದ್ದೆಗೆ ಐಟಿಐ ಇದ್ದವರು ಅರ್ಜಿ ಹಾಕಬಹುದು, ಬರೀ ಪಿಯುಸಿ ಇದ್ದರೆ ಆಗಲ್ಲ. ಐಟಿಐ ಆದ ಮೇಲೆ ಅಪ್ರೆಂಟಿಸ್ ಮಾಡಿಸಿ, ಬಿಡಬೇಡಿ. ಸ್ಟೈಪೆಂಡ್ ಸ್ವಲ್ಪವೇ, ಆದರೆ ನಿಜವಾದ ಪ್ಲಾಂಟ್ ಅಲ್ಲೇ ಅರ್ಥವಾಗುವುದು. ಶಿಫ್ಟ್ ಡ್ಯೂಟಿ, ಧೂಳು, ಬೇಸಿಗೆಯ ಬಿಸಿಲಿಗೆ ಕಾದ ತಗಡಿನ ಶೆಡ್ಡು, ಇವೂ ಜೊತೆಗೆ ಬರುತ್ತವೆ.

ಪಿಯುಸಿ ಗೆಲ್ಲುವುದು ಬೇರೆ ಕಡೆ. ನೀಟ್ ಬರೆದು ಡಾಕ್ಟರ್ ಆಗಬೇಕಾ, ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಬಿಎಸ್ಸಿ ಅಗ್ರಿ ಓದಬೇಕಾ, ಬಯಾಲಜಿ ಬೇಕೇ ಬೇಕು. ಅದಕ್ಕೆ ಐಟಿಐಯಿಂದ ದಾರಿ ಇಲ್ಲ. ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ 371ಜೆ ವಿಧಿಯ ಸರ್ಟಿಫಿಕೇಟ್ ಇದ್ದರೆ ನಮ್ಮ ಭಾಗದ ಕಾಲೇಜುಗಳಲ್ಲಿ ನಮ್ಮ ಮಕ್ಕಳಿಗೆ ನೂರಕ್ಕೆ 70 ಸೀಟು ಮೀಸಲು. ಅದು ಸಣ್ಣ ಮಾತಲ್ಲ.

"ಐಟಿಐ ಹಾಕಿದರೆ ಅಲ್ಲಿಗೇ ನಿಂತುಬಿಡ್ತಾನಲ್ಲಪ್ಪಾ" ಅಂತ ನನ್ನ ಮಾವನೂ ಅಂದಿದ್ದರು. ಲೆಕ್ಕ ಹಾಕಿ ನೋಡಿ. ಐಟಿಐ ಎರಡು ವರ್ಷ, ಡಿಪ್ಲೊಮಾಗೆ ನೇರ ಸೆಕೆಂಡ್ ಇಯರ್ ಪ್ರವೇಶ ಸಿಕ್ಕರೆ ಇನ್ನೆರಡು, ಬಿಇಗೂ ಹಾಗೇ ಹೋದರೆ ಮೂರು. ಒಟ್ಟು ಏಳು ವರ್ಷ. ಪಿಯುಸಿ ದಾರಿಯಲ್ಲಿ ಎರಡು, ನಾಲ್ಕು, ಒಟ್ಟು ಆರು. ವ್ಯತ್ಯಾಸ ಒಂದೇ ವರ್ಷ ಅಲ್ವಾ? ಅದರ ಬದಲಿಗೆ ಕೈಯಲ್ಲಿ ಒಂದು ಕಸುಬು ಇರುತ್ತೆ.

ಹೈಸ್ಕೂಲಿನಲ್ಲೇ ಈಗ ಕೆಲವು ಸರ್ಕಾರಿ ಶಾಲೆಗಳಲ್ಲಿ ತೃತೀಯ ಭಾಷೆಯ ಬದಲು ಎನ್‌ಎಸ್‌ಕ್ಯೂಎಫ್ ಅನ್ನುವ ಕಸುಬಿನ ವಿಷಯ ತಗೊಳ್ಳಬಹುದು. ಐಟಿ, ಆಟೋಮೊಬೈಲ್, ರೀಟೇಲ್ ಹೀಗೆ. ಸಿರುಗುಪ್ಪದಲ್ಲಿ ಓದುವ ನಮ್ಮಕ್ಕನ ಮಗಳು ಐಟಿ ತಗೊಂಡಿದ್ದಾಳೆ. ಅದರಿಂದ ಕೆಲಸ ಸಿಗುತ್ತೆ ಅಂತ ನಂಬಬೇಡಿ, ರುಚಿ ನೋಡಲು ಮಾತ್ರ ಒಳ್ಳೆಯದು. ಅವಳಿಗೆ ಗಣಿತ ಇಷ್ಟ, ಡಾಕ್ಟರ್ ಆಗುವ ಆಸೆ ಇಲ್ಲ. ಹಾಗಾಗಿ ಈ ಎರಡೂ ಬೇಡ, ಪಾಲಿಟೆಕ್ನಿಕ್‌ಗೆ ಹಾಕು ಅಂತ ಅಕ್ಕನಿಗೆ ಹೇಳಿದ್ದೇನೆ. ಡಿಪ್ಲೊಮಾ ಮೂರು, ಬಿಇ ಮೂರು, ಅದೂ ಆರೇ ವರ್ಷ. ಡಿಪ್ಲೊಮಾ ಸೀಟು ಸಿಗುವುದು ಎಸ್‌ಎಸ್‌ಎಲ್‌ಸಿ ಅಂಕದ ಮೇಲೆ, ಸಿಇಟಿ ಗೋಳಿಲ್ಲ. ಅಕ್ಕ ಇನ್ನೂ ಒಪ್ಪಿಲ್ಲ.