ಬದಿಯಡ್ಕ ಕಡೆಯ ಗ್ರಂಥಾಲಯದಲ್ಲಿ ಕ್ಯಾಥರೀನ್ ಡೆನೊವ್ ಸಿನಿಮಾಗಳು

ಪುರುಸೊತ್ತು ಮಾಡಿಕೊಂಡು ಹೋಗಿ ಮಾರಾಯ್ರೇ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನಮ್ಮ ಗ್ರಂಥಾಲಯದವರು ಶನಿವಾರ ಸಂಜೆ ಫ್ರೆಂಚ್ ಸಿನಿಮಾ ತೋರಿಸುತ್ತಿದ್ದಾರೆ. ಟಿಕೆಟ್ ಇಲ್ಲ, ಬಾಗಿಲ ಹತ್ತಿರ ಡಬ್ಬಿ ಇದೆ, ಮನಸ್ಸಿದ್ದಷ್ಟು ಹಾಕಬಹುದು. ಈ ಸಲ ಒಬ್ಬರೇ ನಟಿಯ ಸಿನಿಮಾಗಳನ್ನು ವರ್ಷದ ಕ್ರಮದಲ್ಲೇ ಹಾಕುತ್ತಿದ್ದಾರೆ. ನನಗೆ ತುಂಬಾ ಹಿಡಿಸಿದ್ದು ಅದೇ.

ಡೆನೊವ್ ಹುಟ್ಟಿದ್ದು 1943ರಲ್ಲಿ, ಪ್ಯಾರಿಸ್ಸಿನಲ್ಲಿ. ಅಪ್ಪ ಅಮ್ಮ ಇಬ್ಬರೂ ನಟರು. ಶನೆಲ್ ಸೆಂಟಿನ ಜಾಹೀರಾತಿನಲ್ಲಿ ಬಂದವರು, 1985ರಲ್ಲಿ ಫ್ರಾನ್ಸಿನ ರಾಷ್ಟ್ರಸಂಕೇತ ಮರಿಯಾನ್ ಮೂರ್ತಿಗೂ ಅವರದೇ ಮುಖ. ಆದರೆ ಚೆಂದ ಇದ್ದ ಮಾತ್ರಕ್ಕೆ ಅರವತ್ತು ವರ್ಷ ಯಾರೂ ತಲೆ ಮೇಲೆ ಹೊತ್ತುಕೊಳ್ಳುವುದಿಲ್ಲ, ಅಲ್ವಾ?

1964ರ ‘ಶೆರ್ಬೂರ್ಗಿನ ಕೊಡೆಗಳು’ ನೋಡಿ. ಮಾತೆಲ್ಲ ಹಾಡಿನಲ್ಲೇ, ಅದನ್ನೂ ಇವರಿಗಾಗಿ ಹಾಡಿದ್ದು ಬೇರೆಯವರು. ಹಾಗಾಗಿ ಇವರ ಕೈಯಲ್ಲಿ ಉಳಿದಿದ್ದು ಕಣ್ಣು, ಮುಖ ಮಾತ್ರ. ಕೊನೆಯಲ್ಲಿ ಹಿಮ ಬೀಳುವ ರಾತ್ರಿ, ಪೆಟ್ರೋಲ್ ಬಂಕು, ಹಳೆಯ ಪ್ರಿಯಕರ ಎದುರಿಗಿದ್ದಾನೆ, ಅವನ ಮಗಳು ಹೊರಗೆ ಕಾರಿನಲ್ಲಿ ಕೂತಿದ್ದಾಳೆ, ನೋಡ್ತೀಯಾ ಅಂತ ಇವರು ಕೇಳಿದರೆ ಅವನು ಬೇಡ ಎಂದು ತಲೆಯಾಡಿಸುತ್ತಾನೆ. ಕೂಗಾಟ ಇಲ್ಲ, ಎದೆ ಬಡಿದುಕೊಳ್ಳುವುದಿಲ್ಲ. ತಾಳಮದ್ದಲೆಯಲ್ಲಿ ಒಳ್ಳೆಯ ಅರ್ಥಧಾರಿ ಕೂತಲ್ಲಿಂದ ಏಳದೆ ಇಡೀ ಸಭೆಯನ್ನು ಹಿಡಿದಿಡುತ್ತಾರಲ್ಲ, ಹಾಗೆ.

ನನ್ನ ದೊಡ್ಡ ತಕರಾರೂ ಇಲ್ಲೇ. ಸಬ್‌ಟೈಟಲ್ ಬಿಳಿ, ಹಿಮವೂ ಬಿಳಿ. ಆ ಕೊನೆಯ ಮಾತುಗಳು ಅರ್ಧ ಓದಲಿಕ್ಕೇ ಆಗಲಿಲ್ಲ. ಅಕ್ಷರಕ್ಕೆ ಹಳದಿ ಬಣ್ಣ ಕೊಡುವುದು ಕಂಪ್ಯೂಟರಿನಲ್ಲಿ ಎರಡು ನಿಮಿಷದ ಕೆಲಸ, ದಯವಿಟ್ಟು ಮಾಡಿ.

1967ರ ‘ರೋಶ್‌ಫೋರ್ಟಿನ ಹುಡುಗಿಯರು’ ಸಿನಿಮಾದಲ್ಲಿ ಇವರೂ ಅಕ್ಕ ಫ್ರಾಂಸ್ವಾಸ್ ಡೋರ್ಲಿಯಾಕ್ ಕೂಡ ಅವಳಿ ಸೋದರಿಯರಾಗಿ ಕುಣಿಯುತ್ತಾರೆ. ಅದೇ ವರ್ಷ ಅಕ್ಕ ನೀಸ್ ಹತ್ತಿರ ಕಾರು ಅಪಘಾತದಲ್ಲಿ ಹೋದರು, ಬರೀ 25 ವರ್ಷ. ಅದು ಗೊತ್ತಿದ್ದು ನೋಡಿದರೆ ಆ ಕುಣಿತ ಸಹಿಸುವುದು ಕಷ್ಟ.

ನಮ್ಮ ಊರಿನವರು ತಪ್ಪಿಸಬಾರದ್ದು 1992ರ ‘ಇಂಡೋಚೈನ್’. ಫ್ರೆಂಚರ ಆಳ್ವಿಕೆಯ ವಿಯೆಟ್ನಾಂನಲ್ಲಿ ರಬ್ಬರ್ ತೋಟದ ಒಡತಿ ಇವರು. ಸುತ್ತ ರಬ್ಬರ್ ಟ್ಯಾಪಿಂಗ್ ಮಾಡುವವರೇ ಕೂತಿದ್ದರು, ತೋಟ ಕಂಡ ಕೂಡಲೇ ಪಿಸುಪಿಸು ಶುರು. ಪ್ರೀತಿಯಿಂದ ಸಾಕಿದ ಮಗಳೇ ಎದುರು ಪಕ್ಷಕ್ಕೆ ಹೋಗುತ್ತಾಳೆ, ಆಳುವವರ ಮನೆಯೊಳಗಿನ ನೋವು ಅದು. ಈ ಪಾತ್ರಕ್ಕೆ ಡೆನೊವ್ ಆಸ್ಕರ್ ನಾಮನಿರ್ದೇಶನ ಪಡೆದರು, ಫ್ರಾನ್ಸಿನ ದೊಡ್ಡ ಸಿನಿಮಾ ಪ್ರಶಸ್ತಿಯಾದ ಸೀಸರ್ ಅನ್ನು ಎರಡನೇ ಸಲ ಗೆದ್ದರು. ಮೊದಲನೆಯದು 1980ರ ‘ಕೊನೆಯ ಮೆಟ್ರೋ’ಗೆ, ಅದನ್ನೂ ಇಲ್ಲಿ ತೋರಿಸಿದರು.

‘ಇಂಡೋಚೈನ್’ ಎರಡೂವರೆ ಗಂಟೆಗೂ ಜಾಸ್ತಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೆನ್ನು ನೋಯುತ್ತದೆ. ಗೋಡೆ ಪಕ್ಕದ ಬೆಂಚು ಹಿಡಿಯಿರಿ. ಮಧ್ಯೆ ಕಟ್ಟನ್ ಚಾಯ, ಅಂದರೆ ಹಾಲು ಹಾಕದ ಚಹಾ, ಸಿಗುತ್ತದೆ. ಸಬ್‌ಟೈಟಲ್ ಮಲಯಾಳದ್ದು, ಓದಲು ಬಾರದ ಹಿರಿಯರು ಎಷ್ಟೋ ಜನ ಇದ್ದಾರೆ. ಕಥೆಯನ್ನು ಕನ್ನಡದಲ್ಲಿ ಒಂದು ಪುಟ ಬರೆದು ಹಂಚಿದರೆ ಅವರೂ ಬರುತ್ತಾರೆ. ಬರೆದು ಕೊಡಲು ನಾನು ತಯಾರು ಅಂತ ಗ್ರಂಥಾಲಯದವರಿಗೆ ಹೇಳಿಯೂ ಆಗಿದೆ.