ಬಳ್ಳಾರಿ ಧೂಳಿನಲ್ಲಿ ಪಿಕಪ್‌ನ ಮೋಟಾರ್ ಮುಚ್ಚಳ: ಮೂರನೇ ವರ್ಷದ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ, ಈ ಮುಚ್ಚಳದ ಮೋಟಾರ್ ಇವತ್ತಿಗೂ ಕೆಟ್ಟಿಲ್ಲ. ಕಾಟ ಕೊಟ್ಟಿರುವುದು ಉಳಿದದ್ದೆಲ್ಲ.

ಡಬಲ್ ಕ್ಯಾಬ್ ಪಿಕಪ್‌ನ ಹಿಂದಿನ ಬಾಡಿಯ ಮೇಲೆ ಹಾಕಿಸುವ ಅಲ್ಯುಮಿನಿಯಂ ಪಟ್ಟಿಗಳ ಮುಚ್ಚಳ ಇದು. ಅಂಗಡಿಯ ಶಟರನ್ನು ಮಲಗಿಸಿ, ಅದಕ್ಕೊಂದು 12 ವೋಲ್ಟ್ ಮೋಟಾರ್ ಕೂರಿಸಿದಂತೆ ಇರುತ್ತದೆ. ರಿಮೋಟ್ ಒತ್ತಿದರೆ ಪಟ್ಟಿಗಳೆಲ್ಲ ಕ್ಯಾಬಿನ್ ಹಿಂದಿನ ಪೆಟ್ಟಿಗೆಯೊಳಗೆ ಸುತ್ತಿಕೊಳ್ಳುತ್ತವೆ. ಬೆಲೆ ಲಕ್ಷ ದಾಟುತ್ತದೆ.

ನಮ್ಮದು ಸಣ್ಣ ಜೀನ್ಸ್ ಯೂನಿಟ್. ಕಟಿಂಗ್ ಆದ ಬಟ್ಟೆ ಕೌಲ್ ಬಜಾರ್‌ನ ಮನೆಗಳಿಗೆ ಹೊಲಿಗೆಗೆ ಹೋಗುತ್ತದೆ, ಹೊಲಿದದ್ದು ವಾಷಿಂಗ್‌ಗೆ, ಪ್ಯಾಕ್ ಆದದ್ದು ಹೊಸಪೇಟೆ, ಕೊಪ್ಪಳದ ಅಂಗಡಿಗಳಿಗೆ. ವಾಷಿಂಗ್‌ಗೆ ಮುಂಚೆ ಧೂಳು ಕೂತರೆ ಚಿಂತೆಯಿಲ್ಲ, ಹೇಗೂ ನೀರಿಗೆ ಬೀಳುವ ಮಾಲು. ಆದರೆ ಪ್ಯಾಕ್ ಆದ ತಿಳಿ ಬಣ್ಣದ ಪ್ಯಾಂಟಿನ ಮೇಲೆ ತೋರಣಗಲ್ಲು ದಾಟುವಷ್ಟರಲ್ಲಿ ಕೆಂಪು ಪುಡಿ ಕೂತರೆ ಅಂಗಡಿಯವರು ಮುಖ ಸಿಂಡರಿಸಿ ವಾಪಸ್ ಹಾಕುತ್ತಾರೆ. ಹಗ್ಗ, ತಾಡಪತ್ರಿ ಕಟ್ಟಿ ಬಿಚ್ಚಿ ಬೇಸತ್ತು ಇದನ್ನು ಹಾಕಿಸಿದ್ದು. ಮೊದಲ ಕೆಲವು ತಿಂಗಳು ಖುಷಿಯೋ ಖುಷಿ. ಸಿಗ್ನಲ್‌ನಲ್ಲಿ ಬೈಕಿನವರು ತಿರುಗಿ ನೋಡುತ್ತಿದ್ದರು.

ಆಮೇಲೆ ಶುರುವಾಯಿತು. ಅರ್ಧ ತೆರೆದು ನಿಲ್ಲುವುದು, ಮುಚ್ಚಲು ಹೋದರೆ ಒಂದು ಗೇಣು ಬಂದು ಹಿಂದಕ್ಕೆ ಸರಿಯುವುದು. ಒಮ್ಮೆ ಲಾರಿ ಆಫೀಸಿನ ಮುಂದೆ, ಲಾರಿ ಹೊರಡುವ ಹೊತ್ತಿನಲ್ಲಿ, ಹಿಂದಿನ ಡೋರ್ ಇಳಿಸುವಷ್ಟು ಮಾತ್ರ ಸರಿದು ನಿಂತುಬಿಟ್ಟಿತು. ಎಷ್ಟು ಒತ್ತಿದರೂ ಅಷ್ಟೇ. "ಏನ್ರೀ ಸಾವ್ಕಾರ್ರೆ, ನಿಮ್ ಮುಚ್ಚಳಕ್ಕ ಮಾಲು ಬಿಡಾಕ ಮನಸಿಲ್ಲೇನು?" ಅಂದ ಹಮಾಲಿಯೊಬ್ಬ. ಕೊನೆಗೆ ಸಣಕಲು ಹುಡುಗನೊಬ್ಬ ಹೊಟ್ಟೆ ಮೇಲೆ ತೆವಳಿಕೊಂಡು ಒಳಗೆ ಹೋಗಿ, ಕಾಲಿನಿಂದ ಬಂಡಲ್‌ಗಳನ್ನು ಒಂದೊಂದಾಗಿ ಹೊರಗೆ ತಳ್ಳಿದ. ಅವನ ಅಂಗಿಯ ಬೆನ್ನು ಪಟ್ಟಿಗಳಿಗೆ ಉಜ್ಜಿ ಹರಿಯಿತು. ಹೊಸ ಅಂಗಿಯ ದುಡ್ಡೂ ನನ್ನ ಲೆಕ್ಕಕ್ಕೇ.

ಕಾರಣ ಗೊತ್ತಾದದ್ದು ನಮ್ಮ ಆಟೋ ಎಲೆಕ್ಟ್ರಿಷಿಯನ್, ಪಟ್ಟಿಗಳು ಜಾರುವ ಪಕ್ಕದ ಚಾನಲ್‌ನಲ್ಲಿ ಬೆರಳು ಆಡಿಸಿದಾಗ. "ಮೋಟ್ರು ಏನೂ ಆಗಿಲ್ಲ ಸಾರ್, ಇದನ್ನ ನೋಡ್ರಿ" ಎಂದು ಬೆರಳು ತೋರಿಸಿದ. ಕುಂಕುಮ ಕಲಸಿದಂಥ ದಪ್ಪ ಕೆಂಪು ಲೇಪ. ಫಿಟ್ ಮಾಡಿದವರು ಧಾರಾಳವಾಗಿ ಗ್ರೀಸ್ ಬಳಿದಿದ್ದರು. ಅದಿರಿನ ಪುಡಿ ಅದಕ್ಕೆ ಅಂಟಿ, ಪಟ್ಟಿಗಳ ತುದಿಯ ಪ್ಲಾಸ್ಟಿಕ್ ತುಂಡುಗಳನ್ನು ಮರಳುಕಾಗದದ ಹಾಗೆ ತೇಯುತ್ತಿತ್ತು.

ಇಲ್ಲಿ ಕಂಟ್ರೋಲ್ ಬಾಕ್ಸ್‌ನ ವಿಚಾರ ತಿಳಿದುಕೊಳ್ಳಬೇಕು. ಮುಚ್ಚುವಾಗ ಯಾರ ಕೈಯಾದರೂ ಸಿಕ್ಕಿಕೊಂಡರೆ ನಿಲ್ಲಬೇಕಲ್ಲ, ಅದಕ್ಕಾಗಿ ಮೋಟಾರ್ ಎಳೆಯುವ ಕರೆಂಟನ್ನು ಅದು ಗಮನಿಸುತ್ತಿರುತ್ತದೆ. ತಡೆ ಬಂದರೆ ಕರೆಂಟ್ ಏರುತ್ತದೆ, ಏರಿದ ಕೂಡಲೇ ನಿಂತು ಹಿಂದಕ್ಕೆ ಓಡುತ್ತದೆ. ಆ ತಡೆ ಮಗುವಿನ ಕೈಯೋ ಸಂಡೂರಿನ ಧೂಳೋ ಅದಕ್ಕೆ ತಿಳಿಯುವುದಿಲ್ಲ. ಹಾಗಾಗಿ ಮುಚ್ಚಳ ಕೆಟ್ಟಿದೆ ಎಂದು ನಾವು ಬೈಯುವಾಗ ಅದು ತನ್ನ ಕೆಲಸವನ್ನು ನಿಯತ್ತಾಗಿ ಮಾಡುತ್ತಿರುತ್ತದೆ. ಗಾಡಿ ನಾಲ್ಕು ದಿನ ನಿಂತು ಬ್ಯಾಟರಿ ಇಳಿದಿದ್ದರೂ ಹೀಗೇ ಆಟ ಆಡುತ್ತದೆ. ಎಂಜಿನ್ ಸ್ಟಾರ್ಟ್ ಮಾಡಿಟ್ಟುಕೊಂಡು ಒತ್ತಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಗ್ರೀಸೆಲ್ಲ ಒರೆಸಿ ತೆಗೆಸಿ, ಒಣಗುವ ಜಾತಿಯ ಸಿಲಿಕೋನ್ ಸ್ಪ್ರೇ ಹಾಕಿಸಿದೆ. ಈಗ ವಾರಕ್ಕೊಮ್ಮೆ ಚಾನಲ್‌ಗೆ ನೀರು ಬಿಟ್ಟು, ಹಳೆಯ ಟೂತ್‌ಬ್ರಷ್‌ನಲ್ಲಿ ತಿಕ್ಕಬೇಕು. ತಾಡಪತ್ರಿ ಕಟ್ಟುವ ಕೆಲಸ ತಪ್ಪಿಸಲು ತಂದ ವಸ್ತು, ನೋಡಿ.

ಮಳೆಗಾಲದ್ದು ಇನ್ನೊಂದು ಕಥೆ. ಪಟ್ಟಿ ಸುತ್ತಿಕೊಳ್ಳುವ ಪೆಟ್ಟಿಗೆಗೆ ನೀರು ಬಂದೇ ಬರುತ್ತದೆ, ಬಂದದ್ದು ಹೋಗಲೆಂದು ಮೂಲೆಗಳಿಂದ ಸಣ್ಣ ಪೈಪು ಕೆಳಗಿಳಿಸಿರುತ್ತಾರೆ. ಬೇಸಿಗೆಯೆಲ್ಲ ಕೂತ ಪುಡಿ ಮೊದಲ ಮಳೆಗೆ ಕೆಸರಾಗಿ, ಪೈಪಿನ ತಿರುವಿನಲ್ಲಿ ಗಟ್ಟಿಯಾಯಿತು. ನೀರು ಪೆಟ್ಟಿಗೆಯಲ್ಲೇ ನಿಂತಿತು. ಕನೆಕ್ಟರ್‌ನ ಪಿನ್‌ಗಳು ಹಸಿರುಗಟ್ಟಿದವು. ಆಮೇಲೆ ರಿಮೋಟ್ ಒತ್ತಿದರೆ ಅಲುಗಾಟವಿಲ್ಲ, ಒತ್ತದೆ ಸುಮ್ಮನಿದ್ದಾಗ ಹಿಂದಿನಿಂದ ರಿಲೇ (ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್ಚು) ಟಕ್, ಟಕ್. ಮಾರಿದವರನ್ನು ಕೇಳಿದರೆ, ನೀರು ಮತ್ತು ಧೂಳಿನಿಂದಾದ ಹಾನಿಗೆ ವಾರಂಟಿ ಇಲ್ಲವಂತೆ. ಮಾರುವಾಗ ಐಪಿ67 ಎಂದು ಎದೆ ತಟ್ಟಿ ಹೇಳಿದ್ದವರೂ ಇವರೇ. ಐಪಿ67 ಅಂದರೆ ಧೂಳು ಒಳಗೆ ಹೋಗದು, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದ್ದರೂ ತಡೆಯುತ್ತದೆ ಎಂದರ್ಥ. ನಿಜವೇ. ಆದರೆ ಆ ಮಾತು ಮೋಟಾರ್‌ಗೆ ಮಾತ್ರ. ಚಾನಲ್‌ಗೂ ಅಲ್ಲ, ಕನೆಕ್ಟರ್‌ಗೂ ಅಲ್ಲ. ಕೊಳ್ಳುವವರು ಇದನ್ನು ಬಿಡಿಸಿ ಬಿಡಿಸಿ ಕೇಳಬೇಕು.

ಬಿಸಿಲಿನ ತೊಂದರೆ ನಾನು ಹೆದರಿದ್ದಷ್ಟಿಲ್ಲ. ಒಂದೂವರೆ ಮೀಟರ್ ಉದ್ದದ ಅಲ್ಯುಮಿನಿಯಂ ಪಟ್ಟಿ 40 ಡಿಗ್ರಿ ಬಿಸಿ ಏರಿದರೆ ಸುಮಾರು 1.4 ಮಿಲಿಮೀಟರ್ ಹಿಗ್ಗುತ್ತದೆ. ಚಾನಲ್ ಶುಚಿಯಾಗಿದ್ದರೆ ಅದು ಲೆಕ್ಕಕ್ಕಿಲ್ಲ. ಕೊಳೆಯಿದ್ದರೆ ಮೇ ತಿಂಗಳ ಮಧ್ಯಾಹ್ನ ಹಿಡಿದುಕೊಂಡದ್ದು ರಾತ್ರಿ ತಾನಾಗಿ ಬಿಡುತ್ತದೆ.

ಎಲ್ಲವನ್ನೂ ಬಳ್ಳಾರಿ ಧೂಳಿನ ತಲೆಗೆ ಕಟ್ಟುವಂತೆಯೂ ಇಲ್ಲ. ಅಮೆರಿಕದ ರಿವಿಯನ್ ಕಂಪನಿ ತನ್ನ ಆರ್1ಟಿ ಎಲೆಕ್ಟ್ರಿಕ್ ಪಿಕಪ್‌ಗೆ ಕಂಪನಿಯಿಂದಲೇ ಇಂಥ ಮೋಟಾರ್ ಮುಚ್ಚಳ ಕೊಡುತ್ತಿತ್ತು. ಅದು ಸಿಕ್ಕಿಕೊಳ್ಳುತ್ತದೆ ಎಂಬ ದೂರುಗಳು ಬಂದು, 2022ರಲ್ಲಿ ಕೊಡುವುದನ್ನೇ ನಿಲ್ಲಿಸಿ, ಹೊಸದಾಗಿ ವಿನ್ಯಾಸ ಮಾಡಬೇಕಾಯಿತು. ಗಾಡಿ ಕಟ್ಟಿದವರ ಪಾಡೇ ಹೀಗಾದರೆ, ಹೊರಗಿನಿಂದ ತಂದು ಬೋಲ್ಟ್ ಬಿಗಿಯುವ ಮುಚ್ಚಳದಿಂದ ಎಷ್ಟು ನಿರೀಕ್ಷಿಸುವುದು?

ನನ್ನ ದೊಡ್ಡ ತಕರಾರು ಇದ್ಯಾವುದೂ ಅಲ್ಲ. ಕೆಟ್ಟಾಗ ಕೈಯಿಂದ ತೆರೆಯುವ ದಾರಿಯೇ ಇಲ್ಲ. ಪೆಟ್ಟಿಗೆಯ ಮೇಲಿನ ತಗಡು ಬಿಚ್ಚಿ, ಮೋಟಾರ್ ಸಡಿಲಿಸಿಯೇ ಸರಿಸಬೇಕು, ಮಾಲು ತುಂಬಿದಾಗ ಸ್ಕ್ರೂಗಳಿಗೆ ಕೈ ಎಟುಕುವುದಿಲ್ಲ. ಮೋಟಾರ್ ಕಿತ್ತುಹಾಕಿ ಕೈಯಲ್ಲೇ ಎಳೆಯುವ ಹಾಗೆ ಮಾಡಿಕೊಡಿ ಎಂದು ಕೇಳಿದೆ. ಆಗದಂತೆ. ಕೈಯಲ್ಲಿ ಎಳೆಯುವ ಮಾಡೆಲ್‌ಗಳ ಉರುಳೆಯೊಳಗೆ ಸ್ಪ್ರಿಂಗ್ ಇರುತ್ತದೆ, ಇದರಲ್ಲಿಲ್ಲ.

ಹಾಗಾಗಿ ಸಂಡೂರು, ಹೊಸಪೇಟೆ ಕಡೆ ಓಡಾಡುವವರು ಸ್ಪ್ರಿಂಗ್ ಇರುವ, ಕೈಯಲ್ಲಿ ಎಳೆಯುವ ಮುಚ್ಚಳ ತೆಗೆದುಕೊಳ್ಳಿ. ಮೋಟಾರಿನದೇ ಬೇಕು ಎನ್ನುವವರು ಅಂಗಡಿಯಲ್ಲೇ ಫ್ಯೂಸ್ ಕಿತ್ತು, "ಈಗ ತೆರೆದು ತೋರಿಸಿ" ಎನ್ನಿ. ತೆರೆದು ತೋರಿಸದಿದ್ದರೆ ಅಡ್ವಾನ್ಸ್ ಕೊಡಬೇಡಿ.

ಐದಕ್ಕೆ ಎರಡು ಸ್ಟಾರ್. ಒಂದು ಪಟ್ಟಿಗಳಿಗೆ, ಇನ್ನೊಂದು ಬೀಗಕ್ಕೆ.